ಮನೆ ಮತ್ತು ಪಕ್ಕದ ಖಾಲಿ ಸೈಟು: ಎರಡಕ್ಕೂ ಸೇರಿಸಿ ಬೆಲೆ ಕಟ್ಟುವ ಕ್ರಮ

ಮನೆಗೆ ಬೆಲೆ ಕಟ್ಟಬಲ್ಲವರು, ಬಿಡಿ ಸೈಟಿಗೂ ಬೆಲೆ ಕಟ್ಟಬಲ್ಲವರು, ಇವೆರಡೂ ಅಕ್ಕಪಕ್ಕದಲ್ಲಿದ್ದು ಒಬ್ಬರದೇ ಆಗಿದ್ದಾಗ ಎಡವುವುದುಂಟು. ಕೆಲವರು ಒಟ್ಟು ಜಾಗದ ಚದರಡಿಗೆ ಆ ಬೀದಿಯ ದರ ಹಾಕಿ ಗುಣಿಸಿ, ಮೇಲೆ ಕಟ್ಟಡದ ಬೆಲೆ ಸೇರಿಸಿ ಮುಗಿಸುತ್ತಾರೆ. ಇನ್ನು ಕೆಲವರು ಪಕ್ಕದ ಸೈಟನ್ನು ‘ದೊಡ್ಡ ಹಿತ್ತಿಲು’ ಎಂದುಕೊಂಡು ಅಂದಾಜಿನಲ್ಲಿ ಒಂದಿಷ್ಟು ಕೂಡಿಸಿ ಸುಮ್ಮನಾಗುತ್ತಾರೆ. ಮೊದಲ ದಾರಿಯಲ್ಲಿ ಕೊಂಡವರೋ ಸಾಲ ಕೊಟ್ಟವರೋ ಕೈ ಸುಟ್ಟುಕೊಳ್ಳುತ್ತಾರೆ, ಎರಡನೆಯದರಲ್ಲಿ ಮಾರಿದವರು. ಎರಡಕ್ಕೂ ಮೂಲ ಒಂದೇ. ಆ ಸೈಟು ಮನೆಯಿಂದ ಬೇರ್ಪಟ್ಟು ತಾನಾಗಿ ಮಾರಾಟವಾಗಬಲ್ಲುದೇ ಎಂಬ ಪ್ರಶ್ನೆಗೆ ಉತ್ತರ ಕಂಡುಕೊಳ್ಳದೆ ಲೆಕ್ಕಕ್ಕೆ ಕೂತದ್ದು.

ಅಮೆರಿಕದ ಮೌಲ್ಯಮಾಪಕರು ಇದಕ್ಕೆ ಎರಡು ಹೆಸರು ಇಟ್ಟುಕೊಂಡಿದ್ದಾರೆ. ಇರುವ ಮನೆಗೆ ಅಗತ್ಯವಿಲ್ಲದ, ಬೇರೆ ಮಾಡಿ ಮಾರಬಹುದಾದ ಜಾಗ ‘ಎಕ್ಸೆಸ್ ಲ್ಯಾಂಡ್’. ಮನೆಗೆ ಅಗತ್ಯವಿಲ್ಲ, ಆದರೆ ಬೇರೆ ಮಾಡಿ ಮಾರಲೂ ಆಗದು ಎಂಬ ಜಾಗ ‘ಸರ್‌ಪ್ಲಸ್ ಲ್ಯಾಂಡ್’. ಕನ್ನಡದಲ್ಲಿ ಇವನ್ನು ಬಿಡಿ ಜಾಗ, ಅಂಟಿದ ಜಾಗ ಎಂದು ಕರೆಯೋಣ. ಬಿಡಿ ಜಾಗಕ್ಕೆ ಸೈಟಿನ ಬೆಲೆ, ಅಂಟಿದ ಜಾಗಕ್ಕೆ ಹಿತ್ತಿಲಿನ ಬೆಲೆ. ಒಂದೇ ಮಣ್ಣು, ಒಂದೇ ಅಳತೆ ಇದ್ದರೂ ಈ ಎರಡು ಬೆಲೆಗಳ ನಡುವೆ ಮೂರು ನಾಲ್ಕು ಪಟ್ಟು ಅಂತರ ಬೀಳಬಹುದು.

ಯಾತಕ್ಕೆ, ಯಾವ ದಿನಕ್ಕೆ, ಯಾವುದಕ್ಕೆ

ಟೇಪು ಹಿಡಿಯುವ ಮೊದಲು ಈ ಮೂರನ್ನೂ ಬರೆದುಕೊಳ್ಳಿ. ಮಾರಾಟಕ್ಕಾದರೆ ಎರಡನ್ನೂ ಒಬ್ಬರಿಗೇ ಕೊಡುವುದೋ, ಬೇರೆ ಬೇರೆಯವರಿಗೆ ಕೊಡುವ ಯೋಚನೆಯೂ ಇದೆಯೋ? ಸಾಲಕ್ಕಾದರೆ ಅಡಮಾನಕ್ಕೆ ಎರಡೂ ಹೋಗುತ್ತವೆಯೋ, ಮನೆ ಮಾತ್ರವೋ? ಮನೆಯೊಂದನ್ನೇ ಅಡವಿಟ್ಟು ವರದಿಯಲ್ಲಿ ಎರಡರ ಬೆಲೆ ತೋರಿಸಿದರೆ ಆ ವರದಿ ಸುಳ್ಳಾಗುತ್ತದೆ. ಪಾಲಿಗಾದರೆ ಮೂರು ಅಂಕಿ ಬೇಕೇ ಬೇಕು: ಮನೆ ಒಂದೇ, ಸೈಟು ಒಂದೇ, ಎರಡೂ ಸೇರಿ. ವಿಮೆಗಾದರೆ ಜಾಗದ ಲೆಕ್ಕವೇ ಬೇಡ. ಬೆಂಕಿ ಬಿದ್ದರೆ ನೆಲ ಉಳಿಯುತ್ತದೆ, ಕಟ್ಟಡವನ್ನು ಮತ್ತೆ ಕಟ್ಟುವ ಖರ್ಚು ಗೊತ್ತಾದರೆ ಸಾಕು.

ದಿನಾಂಕವೂ ಮುಖ್ಯ. ಆಸ್ತಿಯವರು ತೀರಿಕೊಂಡ ದಿನಕ್ಕೆ ಬೆಲೆ ಬೇಕೆಂದಾದರೆ ಆಮೇಲೆ ಬಂದ ರಸ್ತೆಯ ಲಾಭವನ್ನು ಅದಕ್ಕೆ ಸೇರಿಸುವಂತಿಲ್ಲ.

ಕಾಗದಪತ್ರ

ಎರಡು ಜಾಗಕ್ಕೂ ಪ್ರತ್ಯೇಕ ಕ್ರಯಪತ್ರ, ಪ್ರತ್ಯೇಕ ಸಂಖ್ಯೆ, ಪ್ರತ್ಯೇಕ ಚಕ್ಕುಬಂದಿ (ನಾಲ್ಕು ದಿಕ್ಕಿನ ಗಡಿಯ ವಿವರ) ಇದೆಯೇ ನೋಡಿ. ತೆರಿಗೆ ರಸೀದಿ ಒಂದೇ ಆಗಿದ್ದ ಮಾತ್ರಕ್ಕೆ ಎರಡು ಸೈಟು ಕಾನೂನಿನಲ್ಲಿ ಒಂದಾದವು ಎಂದಲ್ಲ. ತೆರಿಗೆಯ ಅನುಕೂಲಕ್ಕೆ ಒಟ್ಟುಗೂಡಿಸಿರುವುದು ಬೇರೆ, ನಕ್ಷೆ ಮಂಜೂರು ಮಾಡುವ ಕಚೇರಿ ಎರಡು ಸೈಟನ್ನು ವಿಲೀನ ಮಾಡಿರುವುದು ಬೇರೆ. ಹಾಗೆಯೇ ಎರಡು ರಸೀದಿ ಇದ್ದ ಮಾತ್ರಕ್ಕೆ ಎರಡೂ ಬಿಡಿ ಎಂದೂ ಅಲ್ಲ. ಮನೆಯ ನಕ್ಷೆಗೆ ಅನುಮತಿ ಪಡೆಯುವಾಗ ಎರಡೂ ಸೈಟನ್ನು ಸೇರಿಸಿ ಒಂದೇ ಜಾಗ ಎಂದು ತೋರಿಸಿದ್ದರೆ ಆ ಕ್ಷಣಕ್ಕೇ ಕಥೆ ಬದಲಾಗಿರುತ್ತದೆ. ಆದ್ದರಿಂದ ಮಂಜೂರಾದ ನಕ್ಷೆಯನ್ನು ಕೇಳಿ ಪಡೆಯಿರಿ, ಅದರ ಮೇಲಿನ ‘ನಿವೇಶನದ ವಿಸ್ತೀರ್ಣ’ ಎಂಬ ಸಾಲನ್ನು ಓದಿ. ಬಹಳಷ್ಟು ತಪ್ಪುಗಳು ಆ ಒಂದು ಸಾಲನ್ನು ಓದದೆ ಆಗುವಂಥವು.

ಒಡೆಯರ ಹೆಸರು ಎರಡರಲ್ಲೂ ಒಂದೇ ಇದೆಯೇ? ಮನೆ ಗಂಡನ ಹೆಸರಿನಲ್ಲಿ, ಸೈಟು ಹೆಂಡತಿಯ ಹೆಸರಿನಲ್ಲಿ, ಇಲ್ಲವೇ ಸೈಟಿನಲ್ಲಿ ಅಣ್ಣನಿಗೂ ಅರ್ಧ ಹಕ್ಕು ಇರುವಂತಹವು ಸಾಮಾನ್ಯ. ಆಗ ಒಟ್ಟು ಬೆಲೆಯೆಂಬುದು ಇಬ್ಬರೂ ಒಪ್ಪಿ ಸಹಿ ಹಾಕಿದರೆ ಮಾತ್ರ ಸಿಗುವ ಬೆಲೆ ಎಂದು ವರದಿಯಲ್ಲಿ ಸ್ಪಷ್ಟವಾಗಿ ಬರಬೇಕು. ಋಣಭಾರ ಪ್ರಮಾಣಪತ್ರವನ್ನು, ಅಂದರೆ ಆಸ್ತಿಯ ಮೇಲಿನ ಅಡಮಾನ ಮುಂತಾದವನ್ನು ತೋರಿಸುವ ದಾಖಲೆಯನ್ನು, ಎರಡು ಸಂಖ್ಯೆಗೂ ಬೇರೆ ಬೇರೆಯಾಗಿ ತೆಗೆಸಿ. ಮನೆಸಾಲಕ್ಕೆ ಪಕ್ಕದ ಸೈಟನ್ನೂ ಸೇರಿಸಿ ಬರೆದುಕೊಟ್ಟಿದ್ದರೆ ಅದೂ ಅಲ್ಲಿ ಕಾಣುತ್ತದೆ.

ಜಾಗದ ಮೇಲೆ ನಿಂತು

ಎರಡು ಸೈಟಿನ ನಾಲ್ಕು ನಾಲ್ಕು ಬದಿಗಳನ್ನೂ ಎರಡೆರಡು ಕರ್ಣಗಳನ್ನೂ ಅಳೆಯಿರಿ. 40×60 ಅಡಿಯ ಸೈಟು ಸರಿಯಾದ ಆಯತವಾಗಿದ್ದರೆ ಎರಡೂ ಕರ್ಣ ಸುಮಾರು 72 ಅಡಿ 1 ಇಂಚು ಬರಬೇಕು. ಒಂದು 70, ಇನ್ನೊಂದು 74 ಬಂದರೆ ಮೂಲೆಗಳು ಲಂಬಕೋನದಲ್ಲಿಲ್ಲ. ಸೊಟ್ಟ ಸೈಟಿಗೆ ಎದುರೆದುರು ಬದಿಗಳ ಸರಾಸರಿ ತೆಗೆದು ಗುಣಿಸುವ ರೂಢಿಯಿದೆ. ಅದು ಆಯತ ಬಿಟ್ಟು ಬೇರೆ ಯಾವ ಆಕಾರಕ್ಕೂ ನಿಜಕ್ಕಿಂತ ಹೆಚ್ಚು ವಿಸ್ತೀರ್ಣವನ್ನೇ ತೋರಿಸುತ್ತದೆ. ಒಂದು ಕರ್ಣ ಎಳೆದು ಎರಡು ತ್ರಿಕೋನ ಮಾಡಿಕೊಳ್ಳಿ. ತ್ರಿಕೋನದ ಮೂರು ಬದಿಗಳ ಮೊತ್ತದ ಅರ್ಧ ತೆಗೆದುಕೊಂಡು, ಅದರಿಂದ ಒಂದೊಂದು ಬದಿಯನ್ನೂ ಕಳೆದು ಬಂದ ಮೂರು ಅಂಕಿಗಳನ್ನು ಆ ಅರ್ಧದೊಂದಿಗೆ ಗುಣಿಸಿ, ವರ್ಗಮೂಲ ತೆಗೆದರೆ ವಿಸ್ತೀರ್ಣ ಸಿಗುತ್ತದೆ. ಕ್ರಯಪತ್ರದ ಅಳತೆಗೂ ನೆಲದ ಅಳತೆಗೂ ವ್ಯತ್ಯಾಸ ಬಂದರೆ ಎರಡನ್ನೂ ಬರೆಯಿರಿ, ಲೆಕ್ಕಕ್ಕೆ ಕಡಿಮೆಯದನ್ನು ಹಿಡಿಯಿರಿ.

ಆಮೇಲೆ ಎರಡು ಸೈಟಿನ ನಡುವಿನ ಗಡಿಯನ್ನು ನೆಲದ ಮೇಲೆ ಹುರಿ ಕಟ್ಟಿ ಗುರುತಿಸಿ, ಅದರ ಉದ್ದಕ್ಕೂ ನಡೆದು ನೋಡಿ. ಇಡೀ ಕೆಲಸದಲ್ಲಿ ನಿಧಾನಿಸಿ ಮಾಡಬೇಕಾದ ಭಾಗ ಇದೇ. ಒಬ್ಬರದೇ ಜಾಗ ಎಂಬ ಧೈರ್ಯದಲ್ಲಿ ಮನೆಯವರು ವರ್ಷಗಳ ಕಾಲ ಆ ಗೆರೆಯನ್ನು ಮರೆತಿರುತ್ತಾರೆ. ಸೆಪ್ಟಿಕ್ ಟ್ಯಾಂಕೋ ಇಂಗುಗುಂಡಿಯೋ ಸೈಟಿನೊಳಗೆ ಇರುತ್ತದೆ. ಕೊಳವೆಬಾವಿಯೂ ಅಲ್ಲೇ ಇರಬಹುದು. ಸಜ್ಜೆ ಒಂದೂವರೆ ಅಡಿ ಆಚೆ ಚಾಚಿರುತ್ತದೆ, ಹಿತ್ತಿಲ ಬಾಗಿಲಿನ ಮೆಟ್ಟಿಲು ಗಡಿ ದಾಟಿ ಇಳಿದಿರುತ್ತದೆ, ಮಳೆನೀರಿನ ಕೊಳವೆ ಸೈಟಿನ ಕಡೆಗೆ ಬಾಯಿ ತೆರೆದಿರುತ್ತದೆ, ಕಾರು ನಿಲ್ಲುವ ಶೀಟಿನ ಮಾಡು ಪೂರ್ತಿ ಅತ್ತ ಕಡೆಗೇ ಇರುತ್ತದೆ. ಮಲಗುವ ಕೋಣೆಯ ಒಂದೇ ಕಿಟಕಿ ಸೈಟಿನತ್ತ ಇದ್ದರೆ ಅದನ್ನೂ ಬರೆದುಕೊಳ್ಳಿ. ಇವುಗಳಲ್ಲಿ ಒಂದೊಂದಕ್ಕೂ ‘ಸೈಟು ಬೇರೆಯವರ ಪಾಲಾದರೆ ಏನು ಮಾಡಬೇಕು, ಎಷ್ಟು ಖರ್ಚು’ ಎಂಬ ಉತ್ತರ ಬೇಕು. ಟ್ಯಾಂಕು ಸ್ಥಳಾಂತರ, ಹೊಸ ಕೊಳವೆಬಾವಿ, ನಡುಗೋಡೆ, ಸಜ್ಜೆ ಕತ್ತರಿಸುವುದು, ಅಳತೆ ಮತ್ತು ನೋಂದಣಿಯ ಶುಲ್ಕ, ಎಲ್ಲವನ್ನೂ ಕೂಡಿಸಿದರೆ ಬರುವುದು ಬೇರ್ಪಡಿಸುವ ಖರ್ಚು. ಅದು ಸೈಟಿನ ಬೆಲೆಯಿಂದ ಕಳೆಯಬೇಕಾದದ್ದು. ನೆಲದಡಿಯದು ಕಾಣದಿದ್ದರೆ ಶೌಚದ ಕೊಳವೆ ಮನೆಯಿಂದ ಯಾವ ದಿಕ್ಕಿಗೆ ಹೊರಟಿದೆ ಎಂದು ಚೇಂಬರಿನ ಮುಚ್ಚಳ ತೆಗೆಸಿ ನೋಡಿ.

ಬಿಡಿಯೋ, ಅಂಟಿದ್ದೋ

ಈಗ ಆ ಮೂಲ ಪ್ರಶ್ನೆ. ಅದನ್ನು ಎರಡು ಕಡೆಯಿಂದಲೂ ಕೇಳಬೇಕು. ಸೈಟು ಮನೆಯಿಲ್ಲದೆ ನಿಲ್ಲಬಲ್ಲುದೇ? ಮನೆ ಸೈಟಿಲ್ಲದೆ ನಿಲ್ಲಬಲ್ಲುದೇ? ಹೆಚ್ಚಿನವರು ಮೊದಲನೆಯದನ್ನಷ್ಟೇ ಕೇಳುತ್ತಾರೆ.

ಸೈಟಿನ ಕಡೆಯಿಂದ ನೋಡುವಾಗ ರಸ್ತೆಗೆ ಸ್ವಂತ ಮುಖ ಇದೆಯೇ ಎಂಬುದು ಮೊದಲು. ಮನೆಯ ಅಂಗಳದ ಮೂಲಕವೇ ಹೋಗಬೇಕಾದ ಸೈಟು, ದಾರಿ ಹಕ್ಕನ್ನು ನೋಂದಾಯಿಸಿ ಕೊಡದ ಹೊರತು, ಬಿಡಿ ಅಲ್ಲ. ಅಲ್ಲಿನ ಕನಿಷ್ಠ ಸೈಟಿನ ಅಳತೆಯ ನಿಯಮವನ್ನು ಅದು ಪೂರೈಸಬೇಕು. ಸೆಟ್‌ಬ್ಯಾಕ್ (ಗಡಿಗೂ ಕಟ್ಟಡಕ್ಕೂ ನಡುವೆ ನಿಯಮದಂತೆ ಖಾಲಿ ಬಿಡಬೇಕಾದ ಜಾಗ) ಬಿಟ್ಟ ಮೇಲೆ ಉಳಿಯುವ ಜಾಗದಲ್ಲಿ ಮನೆಯೆನ್ನುವಂಥದ್ದು ಎದ್ದು ನಿಲ್ಲಬೇಕು. 20 ಅಡಿ ಅಗಲದ ಸೈಟಿಗೆ ಎರಡೂ ಬದಿಯಲ್ಲಿ 5 ಅಡಿ ಬಿಡಬೇಕೆಂದಿದ್ದರೆ ಕಟ್ಟಲು ಸಿಗುವುದು 10 ಅಡಿ. ಒಂಬತ್ತು ಇಂಚಿನ ಎರಡು ಹೊರಗೋಡೆ ಕಳೆದರೆ ಒಳಗೆ ಎಂಟೂವರೆ ಅಡಿ. ಕಾಗದದಲ್ಲಿ ಅದು ಸೈಟೇ ಇರಬಹುದು, ಕೊಳ್ಳುವವರ ಕಣ್ಣಿಗೆ ಓಣಿ. ನೀರು, ಚರಂಡಿ, ವಿದ್ಯುತ್ತು ಸೈಟಿನ ಮುಂದಿನವರೆಗೆ ಬಂದಿವೆಯೇ, ಮೇಲೆ ಹೈಟೆನ್ಷನ್ ತಂತಿ ಹಾದಿದೆಯೇ ಎಂಬುದನ್ನೂ ನೋಡಿ.

ಮನೆಯ ಕಡೆಯಿಂದ ನೋಡುವಾಗ ಒಂದು ಲೆಕ್ಕ ಮಾಡಲೇಬೇಕು. ಎರಡೂ ಸೈಟು 40×60, ಅಂದರೆ ತಲಾ 2,400 ಚದರಡಿ ಎಂದಿಟ್ಟುಕೊಳ್ಳಿ. ಎಲ್ಲ ಮಹಡಿ ಸೇರಿ ಜಾಗದ ಒಂದೂವರೆ ಪಟ್ಟು ಕಟ್ಟಬಹುದೆಂಬ ನಿಯಮವಿದ್ದರೆ ಒಂದು ಸೈಟಿನ ಮೇಲೆ 3,600 ಚದರಡಿ, ಎರಡೂ ಸೇರಿಸಿದರೆ 7,200. ಎರಡನ್ನೂ ಸೇರಿಸಿ ಅನುಮತಿ ಪಡೆದು, ಒಂದೇ ಸೈಟಿನ ಮೇಲೆ 4,500 ಚದರಡಿಯ ಮನೆ ಎದ್ದಿದೆ. ಖಾಲಿ ಸೈಟು ನೋಡಲು ಪೂರ್ತಿ ಖಾಲಿ, ಒಂದು ಇಟ್ಟಿಗೆಯೂ ಇಲ್ಲ. ಆದರೆ ಅದನ್ನು ಮಾರಿದ ದಿನ ಮನೆಯಲ್ಲಿ 900 ಚದರಡಿ ಅನುಮತಿ ಮೀರಿದ ಕಟ್ಟಡವಾಗಿಬಿಡುತ್ತದೆ. 4,500ಕ್ಕೆ ಬೇಕಾದ ಜಾಗ 3,000 ಚದರಡಿ. ಅಂದರೆ ಖಾಲಿ ಸೈಟಿನ 600 ಚದರಡಿ, ಗಡಿಯುದ್ದಕ್ಕೂ 10 ಅಡಿ ಅಗಲದ ಪಟ್ಟಿ, ಈಗಾಗಲೇ ಮನೆಯದ್ದಾಗಿದೆ. ಬಿಡಿಯಾಗಿ ಉಳಿಯುವುದು 30×60. ಅಷ್ಟು ಸಣ್ಣ ಸೈಟಿಗೆ ಅಲ್ಲಿನ ನಿಯಮ ಒಪ್ಪಿದರೆ 1,800 ಚದರಡಿಗೆ ಮಾತ್ರ ಸೈಟಿನ ಬೆಲೆ, ಒಪ್ಪದಿದ್ದರೆ ಇಡೀ ಸೈಟು ಅಂಟಿದ ಜಾಗ. ಸೆಟ್‌ಬ್ಯಾಕ್‌ದೂ ಇದೇ ಕಥೆ. ಮನೆಯ ಗೋಡೆ ಗಡಿಯಿಂದ ಒಂದೇ ಅಡಿ ದೂರದಲ್ಲಿದ್ದು ನಿಯಮ 5 ಅಡಿ ಕೇಳುತ್ತಿದ್ದರೆ, ಸೈಟಿನ 4 ಅಡಿ ಪಟ್ಟಿ ಮನೆಗೇ ಸೇರಬೇಕು.

ಎರಡು ಕ್ರಯಪತ್ರ ಇದ್ದರೂ ಕಾನೂನು ಅವನ್ನು ಒಂದೇ ಎಂದು ನೋಡಬಹುದು ಎನ್ನುವುದಕ್ಕೆ ಅಮೆರಿಕದ ಸುಪ್ರೀಂ ಕೋರ್ಟು 2017ರಲ್ಲಿ ತೀರ್ಮಾನಿಸಿದ ಒಂದು ಪ್ರಕರಣ ತಿಳಿಯತಕ್ಕದ್ದು. ವಿಸ್ಕಾನ್ಸಿನ್ ರಾಜ್ಯದ ಸೇಂಟ್ ಕ್ರೋಯಿ ನದಿಯ ದಂಡೆಯಲ್ಲಿ ಒಂದು ಕುಟುಂಬಕ್ಕೆ ಅಕ್ಕಪಕ್ಕ ಎರಡು ಸೈಟು, ಒಂದರ ಮೇಲೆ ಸಣ್ಣ ಮನೆ, ಇನ್ನೊಂದು ಖಾಲಿ. ಕಟ್ಟಲು ಯೋಗ್ಯವಾದ ನೆಲ ಒಂದು ಎಕರೆಗಿಂತ ಕಡಿಮೆಯಿರುವ ಅಕ್ಕಪಕ್ಕದ ಸೈಟುಗಳು ಒಬ್ಬರದೇ ಆಗಿದ್ದರೆ ಬೇರೆ ಬೇರೆಯಾಗಿ ಮಾರಕೂಡದೆಂಬ ನಿಯಮ ಅಲ್ಲಿತ್ತು. ಕುಟುಂಬ ಖಾಲಿ ಸೈಟು ಮಾರಹೊರಟಾಗ ತಡೆ ಬಿತ್ತು, ನ್ಯಾಯಾಲಯವೂ ಎರಡನ್ನೂ ಒಂದೇ ಆಸ್ತಿಯೆಂದು ಎಣಿಸಿತು. ಆ ಪ್ರಕರಣದ ಅಂಕಿಗಳು ನಮ್ಮ ವಿಷಯಕ್ಕೆ ಪಾಠದಂತಿವೆ. ಮನೆಯಿರುವ ಸೈಟು ಒಂದೇ ಆದರೆ 3,73,000 ಡಾಲರು. ಎರಡೂ ಸೇರಿ ಒಂದೇ ಆಸ್ತಿಯಾಗಿ 6,98,300. ಎರಡನ್ನೂ ಬೇರೆ ಬೇರೆ ಕಟ್ಟಬಹುದಾದ ಸೈಟುಗಳೆಂದು ಊಹಿಸಿದರೆ 7,71,000. ಕಟ್ಟಲಾಗದ ಖಾಲಿ ಸೈಟನ್ನು ಒಂಟಿಯಾಗಿ ಮಾರಬಹುದೆಂದು ಊಹಿಸಿದರೆ ಬರೀ 40,000. ಒಂಟಿಯಾಗಿ 40,000 ಬಾಳುವ ಅದೇ ನೆಲ ಮನೆಯ ಜೊತೆಗೆ ಸೇರಿದಾಗ 3,25,300 ಕೂಡಿಸುತ್ತದೆ. ನದಿಯ ದಂಡೆಯ ಉದ್ದ, ಏಕಾಂತ, ಮನೆಯನ್ನು ಎಲ್ಲಿ ಬೇಕಾದರೂ ಕಟ್ಟಿಕೊಳ್ಳುವ ಅನುಕೂಲ, ಇವುಗಳ ಬೆಲೆ ಅದು. ಅಂಟಿದ ಜಾಗವೆಂದ ಕೂಡಲೇ ಅಗ್ಗವೆಂದು ತೀರ್ಮಾನಿಸಬಾರದು, ಹಾಗೆಂದು ಅದಕ್ಕೆ ಸೈಟಿನ ದರ ಹಾಕಲೂಬಾರದು. ಎರಡಕ್ಕೂ ಆ ಪೇಟೆಯ ಸಾಕ್ಷಿ ಬೇಕು.

ಬಿಡಿ ಜಾಗದ ಲೆಕ್ಕ

ಸೈಟು ಬಿಡಿ ಎಂದು ಖಚಿತವಾದರೆ ಕೆಲಸ ಎರಡಾಗುತ್ತದೆ. ಮನೆಯನ್ನು ಅದರ ಸ್ವಂತ ಸೈಟಿನೊಂದಿಗೆ ಮಾತ್ರ, ಅಷ್ಟೇ ಸೈಟಿನ ಮೇಲಿರುವ ಇತರ ಮನೆಗಳ ಮಾರಾಟದೊಂದಿಗೆ ಹೋಲಿಸಿ. ಖಾಲಿ ಸೈಟನ್ನು ಖಾಲಿ ಸೈಟುಗಳ ಮಾರಾಟದೊಂದಿಗೆ ಹೋಲಿಸಿ. ತಲಾ ಮೂರಾದರೂ ವ್ಯವಹಾರ ಬೇಕು, ಐದಿದ್ದರೆ ಒಳ್ಳೆಯದು. ಮಾರಾಟಕ್ಕಿಟ್ಟವರು ಹೇಳುವ ಬೆಲೆ ಹೋಲಿಕೆಗೆ ಬಾರದು, ಕೈ ಬದಲಾದ ಹಣ ಬೇಕು.

ಹೋಲಿಕೆಯ ಆಸ್ತಿಗೂ ನಮ್ಮದಕ್ಕೂ ಇರುವ ವ್ಯತ್ಯಾಸಕ್ಕೆ ತಕ್ಕಂತೆ ಅದರ ಬೆಲೆಯನ್ನು ಸರಿಪಡಿಸುವ ಹೊಂದಾಣಿಕೆಗೆ ಒಂದು ಕ್ರಮವಿದೆ. ಮೊದಲು ಹಕ್ಕು (ಪೂರ್ಣ ಒಡೆತನವೋ, ಗುತ್ತಿಗೆಯೋ), ಆಮೇಲೆ ಹಣ ಕೊಟ್ಟ ರೀತಿ, ಮಾರಾಟದ ಸನ್ನಿವೇಶ, ಮಾರಾಟವಾದ ಕಾಲ, ಇಷ್ಟೂ ಮುಗಿದ ಮೇಲೆ ಸ್ಥಳ ಮತ್ತು ಗುಣಲಕ್ಷಣ. ಮೊದಲಿನವು ಬೆಲೆಯನ್ನೇ ಸರಿಪಡಿಸುತ್ತವೆ, ಉಳಿದವು ಸರಿಪಡಿಸಿದ ಬೆಲೆಯ ಮೇಲೆ ಕೂರುತ್ತವೆ. ಕ್ರಮ ತಪ್ಪಿದರೆ ಶೇಕಡಾವಾರು ಲೆಕ್ಕ ತಪ್ಪು ಮೊತ್ತದ ಮೇಲೆ ಬೀಳುತ್ತದೆ. ಮತ್ತೊಂದು, ಹೋಲಿಕೆಯ ಆಸ್ತಿ ನಮ್ಮದಕ್ಕಿಂತ ಉತ್ತಮವಾಗಿದ್ದರೆ ಅದರ ಬೆಲೆಯಿಂದ ಕಳೆಯಬೇಕು, ಕೀಳಾಗಿದ್ದರೆ ಕೂಡಿಸಬೇಕು. ಅವಸರದಲ್ಲಿ ಇದನ್ನು ತಿರುಗುಮುರುಗು ಮಾಡುವವರು ಕಡಿಮೆಯೇನಿಲ್ಲ.

ಸೈಟಿನ ಮಾರಾಟಗಳನ್ನು ಆರಿಸುವಾಗ ಕೊಂಡವರು ಯಾರೆಂದು ವಿಚಾರಿಸಿ. ಪಕ್ಕದ ಮನೆಯವರು ತಮ್ಮ ಜಾಗಕ್ಕೆ ಸೇರಿಸಿಕೊಳ್ಳಲು ಕೊಂಡಿದ್ದರೆ ಆ ಬೆಲೆ ಬಹುಪಾಲು ಪೇಟೆಗಿಂತ ಮೇಲಿರುತ್ತದೆ, ಏಕೆಂದರೆ ಅವರಿಗೆ ಬೇರೆ ಯಾವ ಸೈಟೂ ಉಪಯೋಗಕ್ಕೆ ಬಾರದು. ಎರಡು ಜಾಗ ಸೇರಿದಾಗ ಹುಟ್ಟುವ ಈ ಹೆಚ್ಚುವರಿಯನ್ನು ಬ್ರಿಟನ್ನಿನವರು ‘ಮ್ಯಾರೇಜ್ ವ್ಯಾಲ್ಯೂ’ ಎನ್ನುತ್ತಾರೆ. ಅಂತಹ ವ್ಯವಹಾರವನ್ನು ಪಕ್ಕಕ್ಕಿಡಿ.

ಲೆಕ್ಕ ತಿಳಿಯಲೆಂದು ಒಂದು ಉದಾಹರಣೆ. ಇಲ್ಲಿನ ಅಂಕಿಗಳು ಹಣವಲ್ಲ, ಮನೆಯ ಬೆಲೆಯನ್ನು 100 ಎಂದಿಟ್ಟುಕೊಂಡು ಮಾಡಿದ ಅನುಪಾತಗಳು. ಅಂಥದೇ ಸೈಟಿನ ಮೇಲಿನ ಮನೆಗಳ ಹೋಲಿಕೆಯಿಂದ ಮನೆಗೆ 100 ಬಂತು. ಖಾಲಿ ಸೈಟುಗಳು ಹೊಂದಾಣಿಕೆಯ ನಂತರ 43, 44, 45 ಮತ್ತು 52. ಕೊನೆಯದು ಪಕ್ಕದ ಮನೆಯವರು ಕೊಂಡದ್ದು, ಬಿಟ್ಟೆವು. ಸೈಟಿಗೆ 44. ಟ್ಯಾಂಕು ಸ್ಥಳಾಂತರಕ್ಕೆ 3, ನಡುಗೋಡೆಗೆ 1, ಅಳತೆ ಮತ್ತು ಕಾಗದಕ್ಕೆ 1, ಒಟ್ಟು 5 ಕಳೆದರೆ 39. ಎರಡೂ ಸೇರಿ 139.

ಇಲ್ಲಿಗೆ ನಿಲ್ಲಬೇಡಿ. 139 ಎಂಬುದು ಎರಡೂ ಬೇಕೆನ್ನುವವರು ಕೊಡಬಹುದಾದ ಬೆಲೆ. ಮನೆ ಮಾತ್ರ ಬೇಕಾದವರಿಗೆ ಎರಡನ್ನೂ ಒಟ್ಟಿಗೇ ಮಾರುವುದಾದರೆ, ಅವರು ಸೈಟನ್ನು ಮತ್ತೆ ಮಾರಿಕೊಳ್ಳಬೇಕು. ಅದಕ್ಕೆ ಒಂದು ವರ್ಷ ಹಿಡಿಯುತ್ತದೆ, ಮಾರುವ ಖರ್ಚು 2, ಹಣ ಸಿಕ್ಕಿಬಿದ್ದುದಕ್ಕೆ ವರ್ಷಕ್ಕೆ ಶೇ. 10 ಎಂದರೆ, 37ನ್ನು 1.10ರಿಂದ ಭಾಗಿಸಿ ಸುಮಾರು 33.6. ಅಂಥವರಿಗೆ ಒಟ್ಟು ಬೆಲೆ 133.6. ನಿಮ್ಮ ಪೇಟೆಯಲ್ಲಿ ಜೋಡಿ ಸೈಟು ಹುಡುಕುವವರು ಎಷ್ಟು ಮಂದಿ ಎಂಬುದರ ಮೇಲೆ ಉತ್ತರ ಈ ಎರಡರ ನಡುವೆ ಎಲ್ಲೋ ನಿಲ್ಲುತ್ತದೆ. ಮನೆ ಮತ್ತು ಪಕ್ಕದ ಸೈಟು ಒಟ್ಟಿಗೆ ಮಾರಾಟವಾದ ಒಂದೇ ಒಂದು ವ್ಯವಹಾರ ಸಿಕ್ಕರೂ ಅದನ್ನು ಬಿಡಬೇಡಿ, ನೂರು ಊಹೆಗಿಂತ ಅದು ಮೇಲು.

ಎರಡು ಬಾರಿ ಎಣಿಸುವುದು

ಇದು ಈ ಕೆಲಸದ ಮಾಮೂಲಿ ಕಾಯಿಲೆ. ಹೋಲಿಕೆಯ ಪಟ್ಟಿಯಲ್ಲಿ ‘ಜಾಗದ ವಿಸ್ತೀರ್ಣ’ ಎಂಬ ಸಾಲಿನಲ್ಲಿ ನಮ್ಮದು 4,800, ಅವರದು 2,400 ಎಂದು ಬರೆದು ಅದಕ್ಕೊಂದು ಮೊತ್ತ ಕೂಡಿಸಿ, ಕೊನೆಗೆ ಖಾಲಿ ಸೈಟಿನ ಬೆಲೆಯನ್ನು ಮತ್ತೊಮ್ಮೆ ಸೇರಿಸಿದರೆ ಒಂದೇ ನೆಲವನ್ನು ಎರಡು ಸಲ ಮಾರಿದಂತೆ. ಬಿಡಿ ಜಾಗವಾದರೆ ಆ ಸಾಲಿನಲ್ಲಿ 2,400 ಎಂದೇ ಬರೆಯಿರಿ. ಸೈಟಿನೊಳಗಿನ ಕಾರು ಮಾಡು, ಕೊಳವೆಬಾವಿ, ಕಾಂಪೌಂಡು ಗೋಡೆಗಳೂ ಹೀಗೆ ಜಾರುತ್ತವೆ. ಅವು ಮನೆಯ ಲೆಕ್ಕಕ್ಕೋ ಸೈಟಿನ ಲೆಕ್ಕಕ್ಕೋ ಒಂದೇ ಕಡೆ ಸೇರಬೇಕು. ಮನೆಯ ಲೆಕ್ಕದಲ್ಲಿ ‘ಕಾರು ನಿಲ್ಲಿಸುವ ಜಾಗವಿದೆ’ ಎಂದು ಕೂಡಿಸಿ, ಅದೇ ಜಾಗವನ್ನು ಖಾಲಿ ಸೈಟೆಂದು ಮಾರಲು ಬಾರದು.

ಇದರ ತಿರುವು ಕೂಡ ಇದೆ. ಸೈಟು ಹೋದ ಮೇಲೆ ಮನೆಗೆ ಹಿತ್ತಿಲು ಇರುವುದಿಲ್ಲವೆಂದು ಮನೆಯ 100ರಿಂದ ಮತ್ತೆ ಕಳೆಯುವವರಿದ್ದಾರೆ. ಹೋಲಿಕೆಯ ಮನೆಗಳಿಗೂ ಹಿತ್ತಿಲಿರಲಿಲ್ಲವಷ್ಟೆ, ಆದ್ದರಿಂದ ಕಳೆಯಬೇಕಿಲ್ಲ. ಆದರೆ ಏಕೈಕ ಕಿಟಕಿಯ ಎದುರು ನಾಳೆ ಗೋಡೆ ಏಳುವುದಾದರೆ ಅದು ಹೋಲಿಕೆಯ ಮನೆಗಳಿಗಿಲ್ಲದ ಕುಂದು, ಅದನ್ನು ಕಳೆಯಲೇಬೇಕು.

ಅಂಟಿದ ಜಾಗದ ಲೆಕ್ಕ

ಇಲ್ಲಿ ಖಾಲಿ ಸೈಟುಗಳ ಮಾರಾಟ ಪ್ರಯೋಜನಕ್ಕೆ ಬಾರದು. ದೊಡ್ಡ ಹಿತ್ತಿಲಿರುವ ಮನೆಗಳು ಬೇಕು. ಉಳಿದೆಲ್ಲ ವಿಷಯದಲ್ಲೂ ಸಮನಾದ, ಜಾಗದಲ್ಲಿ ಮಾತ್ರ ವ್ಯತ್ಯಾಸವಿರುವ ಎರಡು ಮನೆಗಳ ಮಾರಾಟವನ್ನು ಜೋಡಿಯಾಗಿ ಇಟ್ಟು ನೋಡಬೇಕು. 2,400 ಚದರಡಿ ಜಾಗದ ಮನೆ 96ಕ್ಕೂ, ಅಂಥದೇ ಮನೆ 3,600 ಚದರಡಿ ಜಾಗದ್ದು 102ಕ್ಕೂ ಹೋಗಿದ್ದರೆ ಹೆಚ್ಚಿನ 1,200 ಚದರಡಿ ತಂದದ್ದು 6. ಅದೇ 1,200ಕ್ಕೆ ಸೈಟಿನ ದರ ಹಾಕಿದರೆ 22 ಆಗುತ್ತಿತ್ತು. ಅಂದರೆ ಹಿತ್ತಿಲಾಗಿ ಅದು ಸೈಟಿನ ದರದ ಕಾಲುಭಾಗಕ್ಕಿಂತ ತುಸು ಮೇಲೆ.

ಹೆಚ್ಚಿನ 2,400ಕ್ಕೆ ಹಾಗಾದರೆ 12 ಎಂದು ನೇರವಾಗಿ ಎಳೆಯಬೇಡಿ. ಮೊದಲ ಸಾವಿರ ಚದರಡಿ ಹಿತ್ತಿಲಿನ ಸುಖ ಕೊಡುತ್ತದೆ, ಎರಡನೆಯ ಸಾವಿರ ಕಳೆ ಕೀಳುವ ಕೆಲಸವನ್ನೂ ಕೊಡುತ್ತದೆ. ಆ ಅಳತೆಯ ಮಾರಾಟವೇ ಸಿಕ್ಕಿ 106 ತೋರಿಸಿದರೆ ಹೆಚ್ಚುವರಿ 10 ಎಂದಾಗುತ್ತದೆ. ನಮ್ಮ ಉದಾಹರಣೆಯ ಆಸ್ತಿಗೆ ಒಟ್ಟು 110. ಬಿಡಿ ಜಾಗವಾಗಿದ್ದರೆ 139. ಈ 29ರ ಅಂತರ ನಿಂತಿರುವುದು ಮಂಜೂರಾತಿ ನಕ್ಷೆಯ ಒಂದು ಸಾಲಿನ ಮೇಲೆ, ಗಡಿಯಿಂದ ಗೋಡೆ ಎಷ್ಟು ಅಡಿ ದೂರ ಎಂಬುದರ ಮೇಲೆ.

ಸೈಟು ಪಕ್ಕದಲ್ಲಲ್ಲದೆ ಹಿಂದೆ ಇದ್ದರೆ

ಬದಿಯ ಸೈಟು ರಸ್ತೆಯ ಮುಖವನ್ನು ಅಗಲಿಸುತ್ತದೆ, ಹಿಂದಿನದು ಆಳವನ್ನಷ್ಟೇ ಹೆಚ್ಚಿಸುತ್ತದೆ. ಹಳೆಯ ಕಾಲದಿಂದ ಬಂದ ಒಂದು ಅಂದಾಜು ಇದಕ್ಕಿದೆ, 4-3-2-1 ನಿಯಮ. ನೂರು ಅಡಿ ಆಳದ ಸೈಟನ್ನು ನಾಲ್ಕು ಪಟ್ಟಿ ಮಾಡಿದರೆ ರಸ್ತೆಗೆ ಹತ್ತಿರದ ಪಟ್ಟಿ ಶೇ. 40, ಮುಂದಿನವು ಕ್ರಮವಾಗಿ 30, 20, 10. ಇನ್ನೂ ಹಿಂದಿನ ನೂರು ಅಡಿಗೆ 9, 8, 7, 6, ಒಟ್ಟು ಶೇ. 30. ಹಿಂಬದಿಯ ಅಷ್ಟೇ ದೊಡ್ಡ ಸೈಟು ಮುಂದಿನದರ ಮೂರರಲ್ಲೊಂದು ಭಾಗದಷ್ಟೂ ಬಾಳದು ಎಂಬುದು ಇದರ ಸಾರ. ಅಂಗಡಿ ಬೀದಿಗೆ ಇದು ಹೆಚ್ಚು ಹೊಂದುತ್ತದೆ, ವಾಸದ ಬೀದಿಗೆ ಕಡಿಮೆ. ಮಾರಾಟದ ಸಾಕ್ಷಿ ಸಿಗದ ಕಡೆ ಅಂಕಿ ತೀರಾ ಅಸಂಬದ್ಧವಾಗಿದೆಯೇ ಎಂದು ತಾಳೆ ನೋಡಲು ಮಾತ್ರ ಬಳಸಿ. ಹಿಂದಿನ ಸೈಟಿಗೆ ಇನ್ನೊಂದು ರಸ್ತೆಯ ಮುಖವಿದ್ದರೆ ಈ ಮಾತು ಅನ್ವಯಿಸುವುದೇ ಇಲ್ಲ, ಅದು ಬಿಡಿ ಸೈಟೇ.

ಮನೆ ಉಳಿಯಬೇಕೇ ಎಂಬ ಪ್ರಶ್ನೆ

ಎರಡು ಸೈಟು ಸೇರಿದಾಗ ಕೆಲವೊಮ್ಮೆ ಮನೆಯೇ ಅಡ್ಡಿ. ದೊಡ್ಡ ಜಾಗದಲ್ಲಿ ನಡುವೆ ಸೆಟ್‌ಬ್ಯಾಕ್ ಬಿಡಬೇಕಾಗುವುದಿಲ್ಲ, ಹೆಚ್ಚು ಮಹಡಿಗೆ ಅನುಮತಿ ಸಿಗಬಹುದು. ಕಾನೂನು ಒಪ್ಪುವ, ನೆಲದ ಮೇಲೆ ಸಾಧ್ಯವಿರುವ, ಹಣದ ದೃಷ್ಟಿಯಿಂದ ಗಿಟ್ಟುವ ಬಳಕೆಗಳಲ್ಲಿ ಅತಿ ಹೆಚ್ಚು ಬೆಲೆ ತರುವುದೇ ಆ ಆಸ್ತಿಯ ಅತ್ಯುತ್ತಮ ಬಳಕೆ, ಅಂತರರಾಷ್ಟ್ರೀಯ ಮೌಲ್ಯಮಾಪನ ಮಾನದಂಡಗಳೂ ಇದನ್ನೇ ಹೇಳುತ್ತವೆ. ನಮ್ಮ ಉದಾಹರಣೆಯಲ್ಲಿ ಎರಡು ಖಾಲಿ ಸೈಟು 88, ಸೇರಿದ್ದಕ್ಕೆ ಸಿಗುವ ಹೆಚ್ಚಳದಿಂದ 100 ಎನ್ನಿ, ಕೆಡವುವ ಖರ್ಚು 4 ಕಳೆದರೆ 96. ಮನೆ ಇಟ್ಟುಕೊಂಡರೆ 139 ಬರುವಾಗ ಕೆಡವುವ ಮಾತೇ ಇಲ್ಲ. ಅದೇ ಮನೆ ಹಳತಾಗಿ ಸೈಟಿನೊಂದಿಗೆ 50 ಮಾತ್ರ ಬಾಳುವುದಾದರೆ 50 ಮತ್ತು 39 ಸೇರಿ 89. ಆಗ 96 ಗೆಲ್ಲುತ್ತದೆ, ಮನೆಗೆ ಬೆಲೆಯೇ ಇಲ್ಲವೆಂದು ಬರೆಯಬೇಕಾಗುತ್ತದೆ. ಒಡೆಯರಿಗೆ ಇದನ್ನು ಹೇಳುವುದು ಕಷ್ಟ, ಆದರೂ ಹೇಳಬೇಕು.

ತಾಳೆಗೆ ಕಟ್ಟಡದ ವೆಚ್ಚದ ದಾರಿಯೂ ಇದೆ. ಎರಡೂ ನೆಲದ ಬೆಲೆ, ಇಂದು ಕಟ್ಟುವ ಖರ್ಚು, ಅದರಿಂದ ಸವಕಳಿ. 60 ವರ್ಷ ಬಾಳುವ ಕಟ್ಟಡಕ್ಕೆ 15 ಆಗಿದ್ದರೆ ಕಾಲುಭಾಗ ಕಳೆಯಿರಿ. ಮನೆ ಹೊಸದಾದಷ್ಟೂ ಈ ದಾರಿ ನಂಬಿಕೆಗೆ ಅರ್ಹ. ಖಾಲಿ ಸೈಟನ್ನು ವಾಹನ ನಿಲ್ಲಿಸಲು ಬಾಡಿಗೆಗೆ ಕೊಟ್ಟಿದ್ದರೆ ಆ ಬಾಡಿಗೆ ತಾತ್ಕಾಲಿಕ ಆದಾಯ, ಅದರಿಂದ ಸೈಟಿನ ಬೆಲೆ ಅಳೆಯಬೇಡಿ. ಕರಾರು ಎಂದು ಮುಗಿಯುತ್ತದೆ ಎಂಬುದನ್ನು ಮಾತ್ರ ಗಮನಿಸಿ.

ವರದಿಯಲ್ಲಿ ಬರಬೇಕಾದ್ದು

ಸೈಟು ಬಿಡಿಯೆಂದು ಹೇಳಿದ್ದರೆ ಯಾವ ದಾಖಲೆ ನೋಡಿ ಹೇಳಿದ್ದೆಂದು, ಅಂಟಿದ್ದೆಂದಿದ್ದರೆ ಯಾವ ನಿಯಮ ಅಡ್ಡ ಬಂತೆಂದು ಬರೆಯಿರಿ. ಎರಡೂ ಸೈಟಿನ ನಕ್ಷೆ, ನಡುಗಡಿ ದಾಟಿದ ಪ್ರತಿಯೊಂದರ ಗುರುತು, ಎಲ್ಲ ಮೂಲೆಗಳ ಚಿತ್ರ ಇರಲಿ. ಇನ್ನೂ ವಿಭಜನೆ ಆಗದ ಜಾಗವನ್ನು ಆಗಿದೆಯೆಂದು ಊಹಿಸಿ ಬೆಲೆ ಕಟ್ಟಿದ್ದರೆ ಆ ಊಹೆ ಅಂಕಿಯ ಪಕ್ಕದಲ್ಲೇ ಇರಬೇಕು, ಕೊನೆಯ ಪುಟದ ಸಣ್ಣ ಅಕ್ಷರದಲ್ಲಲ್ಲ. ಸಾಲ ಕೊಡುವವರಿಗೆ ಇಂದು ಇರುವ ಸ್ಥಿತಿಯ ಬೆಲೆಯನ್ನು ಪ್ರತ್ಯೇಕವಾಗಿ ಕೊಡಿ.

ಪಾಲಿಗಾಗಿ ಬೆಲೆ ಕಟ್ಟುತ್ತಿದ್ದರೆ ಇನ್ನೊಂದು ಮಾತು. ಒಬ್ಬರಿಗೆ ಮನೆ, ಒಬ್ಬರಿಗೆ ಸೈಟು ಎಂದಾಗ ಕೊಳವೆಬಾವಿಯ ನೀರು, ಇಂಗುಗುಂಡಿ, ಮಳೆನೀರಿನ ದಾರಿ ಯಾರದ್ದು ಎಂಬುದು ವಿಭಾಗಪತ್ರ ನೋಂದಣಿಯಾಗುವ ಮೊದಲೇ ಅದರಲ್ಲಿ ಬರಲಿ. ಹಕ್ಕು ಇಂತಿಷ್ಟು ವರ್ಷಕ್ಕೋ, ಶಾಶ್ವತವೋ, ದುರಸ್ತಿಯ ಖರ್ಚು ಯಾರು ಕೊಡಬೇಕು ಎಂಬುದೂ ಇರಲಿ. ಸೈಟು ಪಡೆದವರ ನೆಲದಡಿ ಮನೆಯವರ ಕೊಳವೆ ಶಾಶ್ವತವಾಗಿ ಹಾದಿರುವುದಾದರೆ ಅದರ ಮೇಲೆ ಪಾಯ ತೋಡುವಂತಿಲ್ಲ. ಹಾಗಾಗಿ ಆ ಪಟ್ಟಿಯ ಬೆಲೆಯನ್ನು ಸೈಟಿನವರ ಪಾಲಿನಿಂದ ಇಳಿಸಿ ಮನೆಯವರ ಪಾಲಿಗೆ ಸೇರಿಸಿಯೇ ಅಂಕಿ ಕೊಡಿ.